ಬೇರೆಯಾದ ಅಪ್ಪ-ಅಮ್ಮ, ನಡುವೆ ಮಗು: ಒಬ್ಬ ನಡುವಿನವರನ್ನು ಇಟ್ಟುಕೊಂಡು ಭೇಟಿ ಏರ್ಪಡಿಸುವುದು ಹೇಗೆ

ಒಂದು ಭಾನುವಾರ ಬೆಳಿಗ್ಗೆ ಮಂಗಳೂರಿನ ಕದ್ರಿ ಪಾರ್ಕಿನ ಬೆಂಚಿನಲ್ಲಿ ಕೂತು ಒಬ್ಬ ಅಪ್ಪ ಕವರಿನಿಂದ ಹೊಸ ಚಪ್ಪಲಿ ತೆಗೆದರು. ಮಗನನ್ನು ಹನ್ನೊಂದು ತಿಂಗಳ ನಂತರ ನೋಡುತ್ತಿದ್ದರು. ಅಷ್ಟರಲ್ಲಿ ಹುಡುಗನ ಕಾಲು ಎರಡು ಸೈಜ್ ಬೆಳೆದಿತ್ತು. ಅವನು ಬೆರಳುಗಳನ್ನು ಮಡಚಿ, ಹಿಮ್ಮಡಿ ಹೊರಗೇ ಉಳಿದರೂ ಬಿಡದೆ, ಒತ್ತಿ ಒತ್ತಿ ಹಾಕಿಕೊಳ್ಳಲು ನೋಡಿದ. "ಸರಿಯಾಗ್ತದೆ ಪಪ್ಪಾ, ಸರಿಯಾಗ್ತದೆ" ಅಂದ. ಆಗ ಅವನಿಗೆ ಐದೂವರೆ ವರ್ಷ.

ನಾನು ಹತ್ತು ಹೆಜ್ಜೆ ದೂರದ ಇನ್ನೊಂದು ಬೆಂಚಿನಲ್ಲಿದ್ದೆ. ಹುಡುಗನ ಅಮ್ಮ ನನಗೆ ದೂರದ ಸಂಬಂಧ. ಅಪ್ಪ ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತವನು. ಇಬ್ಬರೂ ನನ್ನನ್ನು ಕರೆಯುವುದು ಟೀಚರ್ ಅಂತಲೇ. ಹಾಗಾಗಿ ಭೇಟಿಯ ಹೊತ್ತಿಗೆ ನಾನು ಜೊತೆಗಿರಬೇಕು ಅಂತ ಇಬ್ಬರೂ ಒಪ್ಪಿದ್ದರು. ಆಮೇಲೆ ಇನ್ನೂ ಮೂರು ಮನೆಯವರು ಕೇಳಿದರು, ಅದರಲ್ಲಿ ಒಂದು ಮನೆ ಉಡುಪಿಯದು. ಈ ಕೆಲಸವನ್ನು ನನಗೆ ಯಾರೂ ಕಲಿಸಿರಲಿಲ್ಲ, ತಪ್ಪು ಮಾಡಿ ಮಾಡಿಯೇ ಕಲಿತೆ. ನೀವು ಆ ತಪ್ಪುಗಳನ್ನು ಮಾಡದೆ ಇರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ವಾರಕ್ಕೆ ಎಷ್ಟು ಗಂಟೆ ಅನ್ನುವುದರ ಮೇಲೆ ಎಲ್ಲರೂ ಹೋರಾಡುತ್ತಾರೆ. ನಾನು ನೋಡಿದ ಮಟ್ಟಿಗೆ ಭೇಟಿ ಕೆಡುವುದು ಗೇಟಿನ ಹತ್ತಿರದ ಹತ್ತು ನಿಮಿಷದಲ್ಲಿ, ತಡವಾದಾಗ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದರಲ್ಲಿ, ಚಪ್ಪಲಿಯ ಅಳತೆಯಲ್ಲಿ. ದೊಡ್ಡವರು ಮೊದಲೇ ಕೂತು ಇದನ್ನೆಲ್ಲ ಬಗೆಹರಿಸದಿದ್ದರೆ ಅದು ಮಗುವಿನ ತಲೆ ಮೇಲೆ ಹೋಗಿ ಕೂರುತ್ತದೆ.

ಮೊದಲು, ಎಂಥ ಭೇಟಿ ಬೇಕು ಅಂತ ನೋಡಿ

ಎಲ್ಲರಿಗೂ ಒಂದೇ ಬಗೆ ಸರಿಹೋಗುವುದಿಲ್ಲ. ಕೆಲವು ಮನೆಗಳಲ್ಲಿ ಮಗುವಿಗೆ ಅಪ್ಪನ ಹತ್ತಿರವೂ ಭಯವಿಲ್ಲ, ಅಮ್ಮನ ಹತ್ತಿರವೂ ಭಯವಿಲ್ಲ, ದೊಡ್ಡವರಿಬ್ಬರು ಎದುರಾದರೆ ಮಾತ್ರ ಜಗಳ. ಅಂಥವರಿಗೆ ಮಗುವನ್ನು ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ಒಪ್ಪಿಸುವ ಜನ ಸಿಕ್ಕರೆ ಸಾಕು. ಇನ್ನು ಕೆಲವು ಕಡೆ ಮಗು ಅಪ್ಪನನ್ನೋ ಅಮ್ಮನನ್ನೋ ತಿಂಗಳುಗಟ್ಟಲೆ ನೋಡಿರುವುದಿಲ್ಲ, ಗುರುತೇ ಮಸುಕಾಗಿರುತ್ತದೆ. ಅಲ್ಲಿ ಗೊತ್ತಿರುವ ಒಬ್ಬರು ಅದೇ ಜಾಗದಲ್ಲಿ ಇರಬೇಕು. ಕಿವಿಗೊಟ್ಟು ಪ್ರತಿ ಮಾತು ಕೇಳಬೇಕಾಗಿಲ್ಲ, ಮಗು ತಿರುಗಿ ನೋಡಿದಾಗ ಕಾಣಿಸಿದರೆ ಸಾಕು. ನಾನು ಮಾಡಿದ್ದು ಹೆಚ್ಚಾಗಿ ಇದನ್ನೇ.

ಮೂರನೆಯದು ಕಣ್ಗಾವಲಿನ ಭೇಟಿ. ಹೊಡೆತ, ಕುಡಿತ, ಮಗುವನ್ನು ಎತ್ತಿಕೊಂಡು ಹೋಗುವ ಬೆದರಿಕೆ, ಮೈಮುಟ್ಟುವ ಬಗ್ಗೆ ಸಂಶಯ, ಇಂಥದ್ದು ಏನಾದರೂ ಇದ್ದರೆ ನನ್ನಂಥ ಟೀಚರ್ ಬೆಂಚಿನಲ್ಲಿ ಕೂತರೆ ಏನೂ ಸಾಲದು. ಅಲ್ಲಿ ಕೋರ್ಟ್ ನೇಮಿಸಿದವರು, ಕೌನ್ಸೆಲರ್ ಅಥವಾ ಆ ಕೆಲಸ ಗೊತ್ತಿರುವವರೇ ಇರಬೇಕು, ಮಾತು ಕೇಳಿಸುವಷ್ಟು ಹತ್ತಿರ. ಬ್ರಿಟನ್‌ನಲ್ಲಿ ಇದಕ್ಕೆಂದೇ ಸಂಪರ್ಕ ಕೇಂದ್ರಗಳಿವೆ. ಅಲ್ಲಿ ಬರೀ ಜೊತೆಗಿರುವ ಭೇಟಿಗೂ ಕಣ್ಗಾವಲಿನ ಭೇಟಿಗೂ ಸ್ಪಷ್ಟ ಗೆರೆ ಹಾಕಿದ್ದಾರೆ. ಮೊದಲನೆಯದನ್ನು ಹೆಚ್ಚಾಗಿ ಸ್ವಯಂಸೇವಕರು ನಡೆಸುತ್ತಾರೆ, ಯಾರು ಏನು ಮಾತಾಡಿದರು ಅಂತ ವರದಿ ಬರೆಯುವುದಿಲ್ಲ. ಎರಡನೆಯದರಲ್ಲಿ ತರಬೇತಿ ಪಡೆದವರು ಪೂರ್ತಿ ಹೊತ್ತು ಗಮನಿಸಿ ಬರೆದಿಡುತ್ತಾರೆ. ನಮ್ಮ ಕಡೆ ಹೆಚ್ಚಿನ ಮನೆಯವರು ಜಾಗ, ಜನ, ನಿಯಮ ಎಲ್ಲವನ್ನೂ ತಾವೇ ಹೊಂದಿಸಿಕೊಳ್ಳಬೇಕು. ಆದರೂ ಆ ಗೆರೆ ಮನಸ್ಸಿನಲ್ಲಿರಲಿ.

ಭಯ ಇದ್ದರೆ ದಾರಿ ಬೇರೆ

ಮನೆಯಲ್ಲಿ ಹಿಂಸೆ ನಡೆದಿದ್ದರೆ "ಮಗುವಿಗೋಸ್ಕರ ಸ್ವಲ್ಪ ಹೊಂದಿಕೊಳ್ಳಮ್ಮ" ಅನ್ನುವವರ ಮಾತು ಕೇಳಬೇಡಿ. ಜಿಲ್ಲೆಯಲ್ಲಿ ಹಿಂಸೆಗೆ ಒಳಗಾದ ಹೆಂಗಸರಿಗೆ ನೆರವು ಕೊಡುವ ಸಖಿ ಒನ್ ಸ್ಟಾಪ್ ಸೆಂಟರ್ ಉಂಟು, ಮಹಿಳಾ ಸಹಾಯವಾಣಿ 181 ಉಂಟು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 21ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಮಗುವನ್ನು ತಾತ್ಕಾಲಿಕವಾಗಿ ಅಮ್ಮನಿಗೆ ಒಪ್ಪಿಸಬಹುದು, ಅಪ್ಪನ ಭೇಟಿ ಹೇಗೆ ನಡೆಯಬೇಕು ಅಂತ ಹೇಳಬಹುದು, ಭೇಟಿಯಿಂದ ಮಗುವಿಗೆ ಕೆಡುಕಾಗುತ್ತದೆ ಅನ್ನಿಸಿದರೆ ಬೇಡ ಅಂತಲೂ ಹೇಳಬಹುದು.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅಂತ ನಡುವಿನವರಿಗೆ ಗೊತ್ತಾದರೆ ಅದನ್ನು ಮನೆಯೊಳಗೇ ಮುಗಿಸುವ ಹಾಗಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಎರಡನ್ನೂ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ.

ಮಾತಿನಲ್ಲೋ, ಮಧ್ಯಸ್ಥಿಕೆಯಲ್ಲೋ, ಕೋರ್ಟಿನಲ್ಲೋ

ಇಬ್ಬರೂ ಒಪ್ಪಿ ಬರೆದುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇಬ್ಬರೇ ಕೂತು ಬರೆಯಲು ಹೋಗಬೇಡಿ, ಮದುವೆಯ ದಿನದಿಂದ ಹಿಡಿದು ಎಲ್ಲ ಹಳೆಯದೂ ಎದ್ದು ಬರುತ್ತದೆ. ಮಧ್ಯಸ್ಥಿಕೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಂಗಳೂರಿನಲ್ಲೂ ಉಡುಪಿಯಲ್ಲೂ ಉಂಟು, ಕೋರ್ಟ್ ಆವರಣದಲ್ಲಿ ಕೇಳಿದರೆ ತೋರಿಸುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. "ನಮಗೆ ಸ್ವಂತ ಮನೆ ಉಂಟಲ್ಲ, ಕೊಡಲಿಕ್ಕಿಲ್ಲ" ಅಂದುಕೊಂಡು ಎಷ್ಟೋ ಜನ ಹೋಗುವುದೇ ಇಲ್ಲ. ಗಂಡಸರಿಗೂ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆ ಮಿತಿಯೂ ಇಲ್ಲ. ಫೋನಿನಲ್ಲಿ ಕೇಳುವುದಾದರೆ 15100.

ಕೋರ್ಟಿಗೇ ಹೋಗಬೇಕಾದರೆ ಎರಡು ಬಾಗಿಲು. ಡೈವೋರ್ಸ್ ಕೇಸ್ ಈಗಾಗಲೇ ನಡೆಯುತ್ತಿದ್ದರೆ ಅದರೊಳಗೇ ಭೇಟಿಗಾಗಿ ಮಧ್ಯಂತರ ಅರ್ಜಿ, ಅಂದರೆ ಕೇಸ್ ಮುಗಿಯುವ ಮೊದಲೇ ಆದೇಶ ಕೇಳುವ ಅರ್ಜಿ, ಹಾಕಬಹುದು, ವಕೀಲರು ಅದನ್ನು ಐಎ ಅನ್ನುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿಯ ಕೇಸಾದರೆ 26ನೇ ಕಲಂ, ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟರ್ ಮದುವೆಯಾದವರಾದರೆ 38ನೇ ಕಲಂ. ಅಂಥ ಕೇಸ್ ಇಲ್ಲದಿದ್ದರೆ ಮಗುವಿನ ಪಾಲಕತ್ವದ ಬಗ್ಗೆ ಇರುವ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಉಂಟು, ಅದು ಎಲ್ಲ ಧರ್ಮದವರಿಗೂ ಅನ್ವಯ. ಅದರಲ್ಲಿ ಅರ್ಜಿ ಹಾಕಬೇಕಾದ್ದು ಮಗು ಸಾಮಾನ್ಯವಾಗಿ ಎಲ್ಲಿ ವಾಸ ಇದೆಯೋ ಆ ಊರಿನ ಕೋರ್ಟಿನಲ್ಲಿ. ಮಗು ಅಮ್ಮನ ಜೊತೆ ಉಡುಪಿಯಲ್ಲಿದ್ದರೆ ಮಂಗಳೂರಿನ ಅಪ್ಪ ಉಡುಪಿಗೇ ಬರಬೇಕು. ಹಿಂದೂಗಳಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ಅಮ್ಮನ ಹತ್ತಿರ ಇರಬೇಕು ಅಂತ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆ ಹೇಳುತ್ತದೆ. ಹಾಗಂತ ಅಪ್ಪ ನೋಡಲೇಬಾರದು ಅಂತ ಅದರಲ್ಲಿ ಎಲ್ಲೂ ಇಲ್ಲ.

ಅರ್ಜಿಯಲ್ಲಿ "ಭೇಟಿಗೆ ಅವಕಾಶ ಕೊಡಿಸಿ" ಅಂತ ಒಂದೇ ಸಾಲು ಬರೆದು ಬಿಡಬೇಡಿ. ಯಾವ ದಿನ, ಎಷ್ಟು ಹೊತ್ತು, ಎಲ್ಲಿ, ಯಾರ ಎದುರು ಅಂತ ನೀವೇ ಬರೆದು ಕೊಡಿ. ನ್ಯಾಯಾಧೀಶರ ಮುಂದೆ ದಿನಕ್ಕೆ ಎಷ್ಟೋ ಕೇಸ್ ಬರುತ್ತವೆ, ಕೈಗೆ ಸಿದ್ಧ ಯೋಜನೆ ಕೊಟ್ಟರೆ ಆದೇಶವೂ ಸ್ಪಷ್ಟವಾಗಿ ಬರುವ ಸಾಧ್ಯತೆ ಜಾಸ್ತಿ. ಫೋನ್ ಮತ್ತು ವಿಡಿಯೋ ಕಾಲನ್ನೂ ಸೇರಿಸಿ ಕೇಳಿ. ಯಶಿತಾ ಸಾಹು ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ವಿಶೇಷ ಕಾರಣ ಇಲ್ಲದಿದ್ದರೆ ದೂರ ಇರುವ ಅಪ್ಪನಿಗೋ ಅಮ್ಮನಿಗೋ ದಿನವೂ ಐದು ಹತ್ತು ನಿಮಿಷ ಮಗುವಿನ ಜೊತೆ ಮಾತಾಡಲು ಸಿಗಬೇಕು ಅಂತ ಹೇಳಿದೆ.

ಇನ್ನೊಂದು ವಿಷಯ. ಕೌಟುಂಬಿಕ ನ್ಯಾಯಾಲಯದಲ್ಲಿ ನಿಮ್ಮ ವಿಚಾರಣೆ ಬೇರೆಯವರ ಎದುರು ಬೇಡ ಅನ್ನಿಸಿದರೆ ಮುಚ್ಚಿದ ಕೊಠಡಿಯಲ್ಲಿ ನಡೆಸಿ ಅಂತ ಕೇಳಬಹುದು. ಊರು ಸಣ್ಣದು, ಎಲ್ಲರೂ ಎಲ್ಲರಿಗೂ ಗೊತ್ತು. ಕೇಳಲು ನಾಚಿಕೆ ಬೇಡ.

ನಡುವಿನವರಾಗಿ ಯಾರು?

ನಮ್ಮ ಕಡೆ ಮೊದಲು ನೆನಪಾಗುವುದು ಸೋದರಮಾವ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಂತೂ ಮಾವನ ಮಾತಿಗೆ ಈಗಲೂ ತೂಕ ಉಂಟು. ಪ್ರೀತಿ ಇರುವವರೇ, ಸಂಶಯವಿಲ್ಲ. ಆದರೆ ತಂಗಿ ಅತ್ತದ್ದನ್ನು ಕಣ್ಣಾರೆ ಕಂಡ ಅಣ್ಣ, ಬಾವನ ಎದುರು ಒಂದು ಗಂಟೆ ಮುಖ ಸಡಿಲ ಮಾಡಿಕೊಂಡು ಕೂರುವುದು ಬಹಳ ಕಷ್ಟ. ಮಗು ಆ ಮುಖವನ್ನೇ ನೋಡುತ್ತಿರುತ್ತದೆ. ಮಾವನ ಹುಬ್ಬು ಗಂಟಾದರೆ ಅಪ್ಪನ ಮಡಿಲಿನಿಂದ ಇಳಿದುಬಿಡುತ್ತದೆ. ಅಪ್ಪನ ಕಡೆಯ ಅತ್ತೆ, ಅಜ್ಜಿಯಾದರೂ ಇದೇ ಕತೆ.

ಹಾಗಾಗಿ ಇಬ್ಬರಿಗೂ ಒಂದಿಷ್ಟು ಬೇಕಾದವರು, ಯಾರಿಗೂ ತೀರಾ ಹತ್ತಿರ ಅಲ್ಲದವರು ಸಿಕ್ಕರೆ ಒಳ್ಳೆಯದು. ನಿವೃತ್ತ ಟೀಚರ್, ಹಳೆಯ ನೆರೆಮನೆಯ ಆಂಟಿ, ಅಂಗನವಾಡಿಯಲ್ಲಿ ಕೆಲಸ ಮಾಡಿದವರು, ಚರ್ಚಿನ ಸಿಸ್ಟರ್, ಇಬ್ಬರೂ ನಂಬುವ ಡಾಕ್ಟರ ಮನೆಯವರು. ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ: ಮಗು ಮಾತಾಡುವ ಭಾಷೆ ಅವರಿಗೆ ಬರುತ್ತದಾ? ಇಲ್ಲಿ ಮಗು ಶಾಲೆಯಲ್ಲಿ ಕನ್ನಡ ಇಂಗ್ಲಿಷ್ ಆಡಿದರೂ ಅಳು ಬಂದಾಗ, ಮೂತ್ರಕ್ಕೆ ಅವಸರ ಆದಾಗ, ಹೆದರಿದಾಗ ಬಾಯಲ್ಲಿ ಬರುವುದು ತುಳುವೋ ಕೊಂಕಣಿಯೋ ಬ್ಯಾರಿಯೋ. ಅಪ್ಪ ಮಗು ತಮ್ಮ ಭಾಷೆಯಲ್ಲಿ ನಗುತ್ತಿರುವಾಗ ಪಕ್ಕದಲ್ಲಿ ಕೂತವರಿಗೆ ಅರ್ಥವಾಗದಿದ್ದರೆ ಅವರು ಕೂತೂ ಪ್ರಯೋಜನವಿಲ್ಲ.

ಎರಡನೆಯದು, ಸಮಯಕ್ಕೆ ಸರಿಯಾಗಿ ಬರುವವರಾ? ಮೂರನೆಯದು, ಊರೆಲ್ಲ ಹೇಳಿಕೊಂಡು ಬಾರದವರಾ? ಮದುವೆ ಮನೆ ಊಟದ ಪಂಕ್ತಿಯಲ್ಲಿ ಕೂತು "ಪಾಪ, ಆ ಮಗು ಅಪ್ಪನನ್ನು ನೋಡಿ..." ಅಂತ ಶುರುಮಾಡುವವರು ಬೇಡವೇ ಬೇಡ. ಸಿಕ್ಕರೆ ಇಬ್ಬರನ್ನು ಗೊತ್ತು ಮಾಡಿಕೊಳ್ಳಿ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಇರಲಿ. ಬಸ್ಸು, ರಿಕ್ಷಾ ಖರ್ಚನ್ನು ಇಬ್ಬರೂ ಅರ್ಧರ್ಧ ಕೊಡಿ. ಒಬ್ಬರೇ ಕೊಟ್ಟರೆ ನಾಳೆ "ಅವರು ನಿಮ್ಮ ಜನ" ಅನ್ನುವ ಮಾತು ಬರುತ್ತದೆ.

ಜಾಗ

ಮೊದಲ ನಾಲ್ಕೈದು ಭೇಟಿಗೆ ಒಂದೇ ಜಾಗ ಇರಲಿ. ಮಗುವಿಗೆ ಯಾವ ಮರ, ಯಾವ ಜಾರುಬಂಡಿ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಕಡಿಮೆ. ಮಂಗಳೂರಿನಲ್ಲಿ ಕದ್ರಿ ಪಾರ್ಕು ನನಗೆ ಒಗ್ಗಿದ ಜಾಗ, ಆದರೆ ಬೆಳಿಗ್ಗೆ. ಭಾನುವಾರ ಸಂಜೆ ಅಲ್ಲಿ ಜಾತ್ರೆ, ಪರಿಚಯದವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಉಡುಪಿಯವರಿಗೆ ಅಜ್ಜರಕಾಡಿನ ಭುಜಂಗ ಪಾರ್ಕ್ ಅನುಕೂಲ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯುತ್ತಾ ಮಾತಾಡುವುದು ಸ್ವಲ್ಪ ದೊಡ್ಡ ಮಕ್ಕಳಿಗೆ ಹಿಡಿಸುತ್ತದೆ. ಎದುರೆದುರು ಕೂತಾಗ ಬಾರದ ಮಾತು ಜೊತೆಗೆ ನಡೆಯುವಾಗ ಬರುತ್ತದೆ. ಮೃಗಾಲಯ ಇರುವ ಪಿಲಿಕುಳ ನಿಸರ್ಗಧಾಮ ಒಳ್ಳೆಯದೇ, ಆದರೆ ದೊಡ್ಡದು, ಅರ್ಧ ದಿನ ಬೇಕು. ಭೇಟಿ ಚೆನ್ನಾಗಿ ನಡೆಯಲು ಶುರುವಾದ ಮೇಲೆ ಹೋಗಿ. ಸೋಮವಾರ ರಜೆ, ನೆನಪಿರಲಿ.

ಬೀಚು ಮೊದಲಿಗೆ ಬೇಡ. ಪಣಂಬೂರಾಗಲಿ ಮಲ್ಪೆಯಾಗಲಿ, ಮಗುವಿನ ಕಣ್ಣು ನೀರಿನ ಮೇಲೆ, ನಿಮ್ಮ ಕಣ್ಣು ಮಗುವಿನ ಮೇಲೆ, ಮಾತು ಎಲ್ಲಿಂದ ಬರಬೇಕು? ಮಾಲ್ ಕೂಡ ಬೇಡ. ಅಲ್ಲಿ ಒಂದು ಗಂಟೆ ಪೂರ್ತಿ ಅದು ಕೊಡಿಸು ಇದು ಕೊಡಿಸು ಅನ್ನುವುದರಲ್ಲಿ ಕಳೆದುಹೋಗುತ್ತದೆ. ಶಾಲೆಯ ಗೇಟಿನಲ್ಲಂತೂ ಖಂಡಿತ ಬೇಡ, ಮಗುವಿಗೆ ಆ ಒಂದು ಜಾಗವಾದರೂ ಜಗಳ ಮುಟ್ಟದೆ ಉಳಿಯಲಿ.

ಮಳೆಗಾಲಕ್ಕೆ ಬೇರೆ ಏರ್ಪಾಡು ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಪಾರ್ಕನ್ನು ನಂಬಿ ಕೂರುವ ಹಾಗಿಲ್ಲ. ನಡುವಿನವರ ಮನೆಯ ಚಾವಡಿ ಆಗಬಹುದು, ಫ್ಯಾಮಿಲಿ ರೂಮ್ ಇರುವ ಗದ್ದಲವಿಲ್ಲದ ಹೋಟೆಲ್ ಆಗಬಹುದು. ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ, ಸಣ್ಣ ಮಾತಲ್ಲ ಅದು.

ಒಬ್ಬರು ಉಡುಪಿಯಲ್ಲಿ, ಇನ್ನೊಬ್ಬರು ಮಂಗಳೂರಿನಲ್ಲಿ ಇದ್ದರೆ ಸುಮಾರು 60 ಕಿಲೋಮೀಟರ್ ದಾರಿ. ಹೆದ್ದಾರಿಯಲ್ಲಿ ಎಲ್ಲಾದರೂ ನಡುವೆ ಅಂತ ಹಲವರು ಮೂಲ್ಕಿಯಲ್ಲಿ ಒಪ್ಪಿಸುತ್ತಾರೆ. ಆಗಬಹುದು, ಆದರೆ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಬೇಡ. ಆರು ವರ್ಷದೊಳಗಿನ ಮಗುವಾದರೆ ಪ್ರಯಾಣ ದೊಡ್ಡವರೇ ಮಾಡಲಿ. ಒಂದು ಗಂಟೆಯ ಭೇಟಿಗೆ ಮಗುವನ್ನು ಮೂರು ಗಂಟೆ ಬಸ್ಸಿನಲ್ಲಿ ಕೂರಿಸುವುದು ಅನ್ಯಾಯ ಅಲ್ವಾ.

ಬರೆದಿಡಿ, ಸಣ್ಣದನ್ನೂ ಬರೆದಿಡಿ

ಒಂದು ಹಾಳೆ ಸಾಕು. ಸಾದಾ ಕನ್ನಡದಲ್ಲಿ ಬರೆಯಿರಿ, ಇಬ್ಬರೂ ಸಹಿ ಹಾಕಿ, ನಡುವಿನವರ ಹತ್ತಿರ ಒಂದು ಪ್ರತಿ ಇರಲಿ. ಕೇಸ್ ನಡೆಯುತ್ತಿದ್ದರೆ ವಕೀಲರ ಮೂಲಕ ಕೋರ್ಟಿಗೆ ಕೊಟ್ಟು ಆದೇಶದಲ್ಲಿ ಸೇರಿಸಿಕೊಳ್ಳಿ, ಆಗಲೇ ಅದಕ್ಕೆ ಬಲ. ನಾವು ಒಂದು ಮನೆಗೆ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು:

ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಬೆಳಿಗ್ಗೆ 9ರಿಂದ 10.30. ಅಮ್ಮ 8.45ಕ್ಕೆ ಮಗುವನ್ನು ಟೀಚರಿಗೆ ಒಪ್ಪಿಸಿ ಹೊರಡುವುದು. ಅಪ್ಪ 9ಕ್ಕೆ ಬರುವುದು, ಮೊದಲೇ ಬರಬಾರದು. 10.30ಕ್ಕೆ ಅಪ್ಪ ಹೊರಡುವುದು, ಅಮ್ಮ 10.45ಕ್ಕೆ ಬರುವುದು. ಯಾರಿಗಾದರೂ ತಡವಾದರೆ ಟೀಚರಿಗೆ ಮಾತ್ರ ಫೋನ್. ಅರ್ಧ ಗಂಟೆ ಕಾದು ಅಪ್ಪ ಬಾರದಿದ್ದರೆ ಆ ದಿನದ ಭೇಟಿ ಇಲ್ಲ. ಮಗುವಿಗೆ ಹುಷಾರಿಲ್ಲದಿದ್ದರೆ ಹಿಂದಿನ ರಾತ್ರಿ 8ರೊಳಗೆ ತಿಳಿಸುವುದು, ಮುಂದಿನ ಭಾನುವಾರ ಆ ಭೇಟಿ ಕೊಡುವುದು. ಮಳೆಗಾಗಿ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟಂಥ ದಿನ ವಿಡಿಯೋ ಕಾಲ್. ಮಗುವಿನ ಫೋಟೊ ಯಾರೂ ಸ್ಟೇಟಸ್ ಹಾಕಬಾರದು. ಕೇಸು, ಹಣ, ಡೈವೋರ್ಸ್, ಹೊಸ ಮದುವೆ, ಈ ಮಾತು ಮಗುವಿನ ಎದುರು ಇಲ್ಲ.

ಊಟದ ವಿಷಯವನ್ನೂ ಬರೆಯಿರಿ. ಒಂದು ಮನೆಯಲ್ಲಿ ಅಮ್ಮನ ಕಡೆ ಮೀನು ಮುಟ್ಟುವವರಲ್ಲ, ಅಪ್ಪನ ಕಡೆ ಮೀನಿಲ್ಲದೆ ಊಟವಿಲ್ಲ. ಮಗು ಬಂಗುಡೆ ತಿಂದದ್ದಕ್ಕೆ ಎರಡು ತಿಂಗಳು ಭೇಟಿ ನಿಂತುಹೋಯಿತು. ಮೀನು ತಿನ್ನಬಹುದಾ ಬೇಡವಾ ಅನ್ನುವುದು ನಿಮ್ಮ ಮನೆಯ ತೀರ್ಮಾನ, ಆದರೆ ಮೊದಲೇ ಮಾಡಿ. ಅಲರ್ಜಿ, ಔಷಧಿ ಇದ್ದರೆ ಅದೂ ಇರಲಿ.

ಹಬ್ಬಗಳನ್ನು ವರ್ಷದ ಆರಂಭದಲ್ಲೇ ಕ್ಯಾಲೆಂಡರ್ ಎದುರಿಟ್ಟುಕೊಂಡು ಹಂಚಿಕೊಳ್ಳಿ. ಅಷ್ಟಮಿ ಒಬ್ಬರಿಗೆ, ಚೌತಿ ಇನ್ನೊಬ್ಬರಿಗೆ. ಕ್ರಿಶ್ಚಿಯನ್ನರಾದರೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಒಂದು ಕಡೆ, ಕ್ರಿಸ್ಮಸ್ ಇನ್ನೊಂದು ಕಡೆ, ಮುಂದಿನ ವರ್ಷ ತಿರುವುಮುರುವು. ಮುಸ್ಲಿಂ ಮನೆಗಳಲ್ಲಿ ಎರಡು ಹಬ್ಬಗಳನ್ನು ಒಂದೊಂದು ಹಂಚಿಕೊಳ್ಳಬಹುದು. ಕುಟುಂಬದ ಮನೆಯಲ್ಲಿ ಕೋಲ, ತಂಬಿಲದಂಥ ದೈವದ ಸೇವೆ ಇದ್ದರೆ ಮಗು ಹೋಗಬೇಕಾ, ರಾತ್ರಿ ಅಲ್ಲೇ ಮಲಗಬೇಕಾ ಅನ್ನುವುದು ಕೊನೆ ಗಳಿಗೆಯ ಜಗಳಕ್ಕೆ ಒಳ್ಳೆಯ ಕಾರಣ, ಅದನ್ನೂ ಮೊದಲೇ ಮುಗಿಸಿ. ಏಪ್ರಿಲ್ ಮೇ ರಜೆ ಕೂಡ.

ಮೊದಲ ಭೇಟಿಗೆ ಮುಂಚೆ

ಚಪ್ಪಲಿಯ ಘಟನೆಯ ನಂತರ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಮಗು ಯಾರ ಹತ್ತಿರ ಇದೆಯೋ ಅವರಿಂದ ಒಂದು ಚೀಟಿ ಬರೆಸಿ ಇನ್ನೊಬ್ಬರಿಗೆ ಕಳಿಸುತ್ತೇನೆ. ಚಪ್ಪಲಿ, ಅಂಗಿಯ ಅಳತೆ. ಯಾವ ಕ್ಲಾಸು, ಟೀಚರ ಹೆಸರು, ಜೊತೆಯಲ್ಲಿ ಕೂರುವ ಗೆಳೆಯನ ಹೆಸರು. ಈಗ ಯಾವ ಆಟದ ಹುಚ್ಚು, ಯಾವುದಕ್ಕೆ ಹೆದರಿಕೆ. ಹಲ್ಲು ಬಿದ್ದಿದೆಯಾ. ನೀರುದೋಸೆಗೆ ಬೆಲ್ಲ ಕಾಯಿ ಬೇಕಾ, ಚಟ್ನಿ ಬೇಕಾ. ಇದನ್ನು ಬರೆದುಕೊಡಲು ಕೆಲವು ಅಮ್ಮಂದಿರಿಗೆ ಕೈ ಬರುವುದಿಲ್ಲ, "ಅಷ್ಟು ಪ್ರೀತಿ ಇದ್ದರೆ ಅವರಿಗೇ ಗೊತ್ತಿರಬೇಕಿತ್ತು" ಅನ್ನುತ್ತಾರೆ. ಆ ಸಿಟ್ಟು ನ್ಯಾಯವೇ ಇರಬಹುದು. ಆದರೆ ಚೀಟಿ ಹೋಗುವುದು ಮಗುವಿಗೋಸ್ಕರ. ಬಿಗಿ ಚಪ್ಪಲಿಯೊಳಗೆ ಬೆರಳು ಮಡಚಿಕೊಂಡದ್ದು ಅವನು ತಾನೆ.

ಮಗುವಿಗೆ ಮೂರು ನಾಲ್ಕು ದಿನ ಮುಂಚೆ ಹೇಳಿ, ತಿಂಗಳು ಮುಂಚೆ ಬೇಡ. "ಭಾನುವಾರ ಬೆಳಿಗ್ಗೆ ಪಪ್ಪ ಪಾರ್ಕಿಗೆ ಬರ್ತಾರೆ. ಟೀಚರಮ್ಮ ಅಲ್ಲೇ ಇರ್ತಾರೆ. ಆಟ ಮುಗಿದ ಮೇಲೆ ನಾನು ಬಂದು ಕರ್ಕೊಂಡು ಬರ್ತೇನೆ." ಇಷ್ಟು ಸಾಕು. "ನಿನಗೆ ಹೋಗಬೇಕಾ?" ಅಂತ ಕೇಳಬೇಡಿ. ಅದು ಪ್ರಶ್ನೆಯ ಹಾಗೆ ಕಂಡರೂ ಮಗು ಅದರಲ್ಲಿ ನಿಮ್ಮ ಮುಖ ಓದುತ್ತದೆ, ಯಾರ ಪಕ್ಷ ಅಂತ ಹೇಳಬೇಕಾಗುತ್ತದೆ. ಹೋಗಿ ಬಂದ ಮೇಲೂ ತನಿಖೆ ಬೇಡ. ಕೈಕಾಲು ತೊಳೆದು, ತಿಂಡಿ ಕೊಟ್ಟು ಸುಮ್ನಿರಿ. ಹೇಳಬೇಕೆನಿಸಿದ್ದನ್ನು ಮಲಗುವ ಹೊತ್ತಿಗೆ ಅದೇ ಹೇಳುತ್ತದೆ.

ಬರುವ ಅಪ್ಪ ಅಥವಾ ಅಮ್ಮನಿಗೂ ಒಂದು ಮಾತು. ಓಡಿ ಬಂದು ತಬ್ಬಿಕೊಳ್ಳುತ್ತದೆ ಅಂತ ಎಣಿಸಬೇಡಿ. ಮೊದಲ ಹದಿನೈದು ನಿಮಿಷ ನಿಮ್ಮ ಕಡೆ ನೋಡದೆಯೂ ಇರಬಹುದು. ಕೈಯಲ್ಲಿ ಏನಾದರೂ ಕೆಲಸ ಇರಲಿ: ಬಣ್ಣದ ಪೆನ್ಸಿಲ್ಲು, ಚೆಂಡು, ಗಾಳಿಪಟ. ನೀವು ನೆಲದಲ್ಲಿ ಕೂತು ಚಿತ್ರ ಬಿಡಿಸಲು ಶುರುಮಾಡಿ, ಅದೇ ಬಂದು ಪಕ್ಕ ಕೂರುತ್ತದೆ. ಅಳು ಬಂದರೆ ಸ್ವಲ್ಪ ಆಚೆ ಹೋಗಿ ಮುಖ ತೊಳೆದುಕೊಂಡು ಬನ್ನಿ. ಅಪ್ಪನನ್ನು ಸಮಾಧಾನ ಮಾಡುವ ಕೆಲಸ ಐದು ವರ್ಷದ ಹುಡುಗನಿಗೆ ಬೇಡ. ಉಡುಗೊರೆ ಪ್ರತಿ ಸಲ ತರಬೇಡಿ. ಎರಡು ಸಲ ತಂದು ಮೂರನೇ ಸಲ ತರದಿದ್ದರೆ ಅದರ ಕಣ್ಣು ಕವರಿಗೇ ಹೋಗುತ್ತದೆ.

ಭೇಟಿಯ ದಿನ

ನನ್ನ ದೊಡ್ಡ ತಪ್ಪು ನಡೆದದ್ದು ಮೊದಲ ಸಲವೇ. ಇಬ್ಬರನ್ನೂ ಒಂದೇ ಹೊತ್ತಿಗೆ ಪಾರ್ಕಿನ ಗೇಟಿಗೆ ಬರಲು ಹೇಳಿದ್ದೆ. ಎರಡು ನಿಮಿಷ ಸೌಜನ್ಯದ ಮಾತಾಯಿತು, ಮೂರನೇ ನಿಮಿಷಕ್ಕೆ ಶಾಲೆಯ ಫೀಸಿನ ರಶೀದಿ ಬಂತು, ಐದನೇ ನಿಮಿಷಕ್ಕೆ ಧ್ವನಿ ಏರಿತು. ಹುಡುಗ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆಯುವುದು ಹಾಕುವುದು, ತೆಗೆಯುವುದು ಹಾಕುವುದು ಮಾಡುತ್ತಾ ನಿಂತಿದ್ದ. ಅಂದಿನಿಂದ ಹದಿನೈದು ನಿಮಿಷದ ಅಂತರ ಇಡದೆ ನಾನು ಯಾರ ಭೇಟಿಗೂ ಹೋಗಿಲ್ಲ. ಒಬ್ಬರು ಬಿಟ್ಟು ಹೋದ ಮೇಲೆಯೇ ಇನ್ನೊಬ್ಬರು ಬರಬೇಕು. ಬಿಟ್ಟು ಹೋಗುವವರು ಪಾರ್ಕಿನ ಆಚೆ ಕಾರಿನಲ್ಲಿ ಕೂತು ಕಾಯುವುದೂ ಬೇಡ, ಮಗುವಿಗೆ ಗೊತ್ತಾದರೆ ಅದರ ಮನಸ್ಸು ಅಲ್ಲೇ ಇರುತ್ತದೆ.

ನಡುವಿನವರು ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಜಾಸ್ತಿ. ಸಂದೇಶ, ಹಣ, ಕೋರ್ಟಿನ ಕಾಗದ, ಇವನ್ನು ಅತ್ತಿಂದಿತ್ತ ಒಯ್ಯಬೇಡಿ. ಮಗುವಿನ ಬ್ಯಾಗಿನಲ್ಲಿ ಚೀಟಿ ಇಟ್ಟು ಕಳಿಸಲೂ ಬಿಡಬೇಡಿ. ಯಾರು ಸರಿ ಯಾರು ತಪ್ಪು ಅಂತ ಅಭಿಪ್ರಾಯ ಹೇಳಬೇಡಿ, ಕೇಳಿದರೂ ಹೇಳಬೇಡಿ. ಬೇಡದ ಮಾತು ಶುರುವಾದರೆ ಎದ್ದು ಹತ್ತಿರ ಹೋಗಿ "ನೀರು ಬೇಕಾ ಮಗಾ?" ಅಂತ ಕೇಳಿ. ಹೆಚ್ಚಿನ ಸಲ ಅಷ್ಟೇ ಸಾಕಾಗುತ್ತದೆ. ಎರಡನೇ ಸಲವೂ ಆದರೆ ಮಗುವಿಗೆ ಕೇಳದ ಹಾಗೆ ನೇರ ಹೇಳಿ. ಮೂರನೇ ಸಲಕ್ಕೆ ಭೇಟಿ ಮುಗಿಸಿ. ಕುಡಿದು ಬಂದರೆ ಶುರುವೇ ಮಾಡಬೇಡಿ.

ಮುಗಿಯಲು ಹತ್ತು ನಿಮಿಷ ಇರುವಾಗ ಒಮ್ಮೆ, ಐದು ನಿಮಿಷಕ್ಕೆ ಇನ್ನೊಮ್ಮೆ ಹೇಳಿ. ಮುಂದಿನ ಭೇಟಿ ಯಾವತ್ತು ಅಂತ ಹೇಳಿಯೇ ಬೀಳ್ಕೊಡಿ, ಮಗುವಿಗೆ ದಿನದ ಲೆಕ್ಕ ಬಾರದಿದ್ದರೆ "ಎರಡು ಸಲ ಡ್ರಾಯಿಂಗ್ ಕ್ಲಾಸ್ ಆದ ಮೇಲೆ" ಅನ್ನಿ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾರು ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ಬಿದ್ದು ಗಾಯವಾದರೆ ಅದು, ಏನು ತಿಂದಿತು. ಅಷ್ಟೇ. "ಅಪ್ಪನಿಗೆ ಪ್ರೀತಿ ಇಲ್ಲ ಅನ್ನಿಸಿತು" ಅಂತೆಲ್ಲ ಬರೆಯಬೇಡಿ. ನಾಳೆ ಕೋರ್ಟ್ ಕೇಳಿದರೆ ಕಂಡದ್ದು ಮಾತ್ರ ಹೇಳಲು ಬರಬೇಕು.

ಮಗು ಹೋಗುವುದಿಲ್ಲ ಅಂದರೆ

ಹೆಚ್ಚಿನ ಮಕ್ಕಳು ಒಮ್ಮೆಯಾದರೂ ಅನ್ನುತ್ತಾರೆ. ಹೆದರಬೇಡಿ, ತಕ್ಷಣ ಎದುರಿನವರ ಮೇಲೆ ಹಾಕಲೂ ಬೇಡಿ. ಅಂದು ಗೆಳೆಯನ ಬರ್ತ್‌ಡೇ ಇರಬಹುದು. ಅಮ್ಮ ಒಬ್ಬಳೇ ಮನೆಯಲ್ಲಿ ಅಳುತ್ತಾಳೆ ಅನ್ನುವ ಚಿಂತೆ ಇರಬಹುದು, ಇದು ನಾನು ಕಂಡದ್ದು. ಒಬ್ಬ ಹುಡುಗಿ ಪ್ರತಿ ಸಲ ಹೊಟ್ಟೆನೋವು ಅನ್ನುತ್ತಿದ್ದಳು. ಆಮೇಲೆ ಅವಳ ಅಮ್ಮ "ನೀನು ಹೋದಾಗ ನಾನು ಚಿಕ್ಕಮ್ಮನ ಮನೆಗೆ ಹೋಗಿ ಚಾ ಕುಡಿದು ಬರ್ತೇನೆ" ಅಂತ ಹೇಳಲು ಶುರುಮಾಡಿದರು. ಹೊಟ್ಟೆನೋವು ಕಡಿಮೆಯಾಯಿತು.

ಎಳೆದುಕೊಂಡು ಹೋಗಬೇಡಿ. ಹಾಗಂತ ಒಂದೇ ಸಲಕ್ಕೆ ಭೇಟಿ ಬಿಟ್ಟೂ ಬಿಡಬೇಡಿ. ಹೊತ್ತು ಕಡಿಮೆ ಮಾಡಿ, ಇಪ್ಪತ್ತು ನಿಮಿಷ ಸಾಕು ಅನ್ನಿ, ನಡುವಿನವರು ಪಕ್ಕದಲ್ಲೇ ಕೂರಲಿ. ನಿದ್ದೆಯಲ್ಲಿ ಬೆಚ್ಚಿಬೀಳುವುದು, ಹಾಸಿಗೆ ಒದ್ದೆ ಮಾಡುವುದು, ಮೈ ಮುಟ್ಟಿಸಿಕೊಳ್ಳದಿರುವುದು ಕಂಡರೆ ಮಾತ್ರ ಮಕ್ಕಳ ಡಾಕ್ಟರನ್ನೋ ಕೌನ್ಸೆಲರನ್ನೋ ಬೇಗ ಕಾಣಿ. ಹನ್ನೆರಡು ಹದಿಮೂರು ದಾಟಿದವರ ಮಾತನ್ನು ಇನ್ನೂ ಜಾಸ್ತಿ ಕೇಳಬೇಕು. ಕ್ರಿಕೆಟ್ ಮ್ಯಾಚ್ ಇರುವ ಭಾನುವಾರ ಭೇಟಿ ಇಟ್ಟರೆ ತಪ್ಪು ನಿಮ್ಮದು.

ಅಪ್ಪನೋ ಅಮ್ಮನೋ ಗಲ್ಫಿನಲ್ಲಿದ್ದರೆ, ಹಡಗಿನಲ್ಲಿದ್ದರೆ

ನಮ್ಮ ಜಿಲ್ಲೆಗಳಲ್ಲಿ ಇದು ದಿನದ ಮಾತು. ಇಲ್ಲಿ ಸಂಜೆ 7 ಅಂದರೆ ದುಬೈಯಲ್ಲಿ 5.30, ಕುವೈತ್, ಸೌದಿ, ಕತಾರ್, ಬಹರೈನ್‌ನಲ್ಲಿ 4.30. ಅಲ್ಲಿ ಡ್ಯೂಟಿ ಮುಗಿಯುವಷ್ಟರಲ್ಲಿ ಇಲ್ಲಿ ಮಗು ಮಲಗಿರುತ್ತದೆ. ಸೌದಿ, ಕುವೈತ್, ಕತಾರ್‌ನಲ್ಲಿ ವಾರದ ರಜೆ ಶುಕ್ರವಾರ ಶನಿವಾರ, ದುಬೈಯಲ್ಲಿ 2022ರಿಂದ ಶನಿವಾರ ಭಾನುವಾರ. ಇದನ್ನು ನೋಡಿ ದಿನ ಗೊತ್ತುಮಾಡಿ. ದುಬೈಯಿಂದ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಎರಡೂ ಕಡೆ ಹಾಕಿಕೊಳ್ಳಿ.

ಸಣ್ಣ ಮಗುವಿಗೆ ವಿಡಿಯೋದಲ್ಲಿ "ಊಟ ಆಯ್ತಾ, ಶಾಲೆಗೆ ಹೋದ್ಯಾ" ಎರಡು ನಿಮಿಷಕ್ಕೆ ಮುಗಿಯುತ್ತದೆ. ಒಟ್ಟಿಗೆ ಒಂದೇ ಕತೆಪುಸ್ತಕ ಓದಿ, ಎರಡು ಪ್ರತಿ ಕೊಂಡು ಒಂದು ಅಲ್ಲಿ ಒಂದು ಇಲ್ಲಿ ಇಟ್ಟುಕೊಳ್ಳಿ. ಅಮ್ಮ ಪಕ್ಕದಲ್ಲಿ ನಿಂತು "ಅದು ಹೇಳು, ಇದು ಹೇಳು" ಅನ್ನಬಾರದು. ಹಡಗಿನಲ್ಲಿರುವವರಿಗೆ ನೆಟ್‌ವರ್ಕ್ ನಂಬಿ ದಿನ ಹೇಳಲಾಗುವುದಿಲ್ಲ, ವಾಯ್ಸ್ ಮೆಸೇಜ್ ಕಳಿಸಲಿ. ರಜೆಯಲ್ಲಿ ಊರಿಗೆ ಬಂದಾಗ ಮೊದಲ ದಿನವೇ ಇಡೀ ದಿನ ಕೇಳಬೇಡಿ. ಒಂದು ಗಂಟೆ, ಮರುದಿನ ಎರಡು ಗಂಟೆ, ಹೀಗೆ ಏರಿಸಿ. ಪಾಸ್‌ಪೋರ್ಟ್ ಯಾರ ಹತ್ತಿರ ಇರಬೇಕು, ಒಪ್ಪಿಗೆಯಿಲ್ಲದೆ ಮಗುವನ್ನು ದೇಶದ ಹೊರಗೆ ಕರೆದೊಯ್ಯುವ ಹಾಗಿಲ್ಲ ಅನ್ನುವುದನ್ನು ಮಾತಿನಲ್ಲಿ ಬಿಡದೆ ಆದೇಶದಲ್ಲೇ ಬರೆಸಿ.

ಮಾತು ಮುರಿದರೆ

ಒಂದು ಸಲ ತಪ್ಪಿದರೆ ನೋಟ್‌ಬುಕ್ಕಿನಲ್ಲಿ ಬರೆದು ಮುಂದುವರಿಯಿರಿ. ಮತ್ತೆ ಮತ್ತೆ ಆದರೆ ವಕೀಲರ ಮೂಲಕ ಅದೇ ಕೋರ್ಟಿಗೆ ಆದೇಶ ಜಾರಿಗೆ ಅರ್ಜಿ ಹಾಕಿ. ನೀವೇ ಶಾಲೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬರಬೇಡಿ, ನಿಮ್ಮ ಕೇಸೇ ಹಾಳಾಗುತ್ತದೆ. ಜೀವನಾಂಶಕ್ಕೂ ಭೇಟಿಗೂ ಗಂಟು ಹಾಕಬೇಡಿ. ಹಣ ಕೊಟ್ಟಿಲ್ಲ ಅಂತ ಮಗುವನ್ನು ತೋರಿಸದಿರುವುದು, ಮಗುವನ್ನು ತೋರಿಸಿಲ್ಲ ಅಂತ ಹಣ ನಿಲ್ಲಿಸುವುದು ಎರಡೂ ತಪ್ಪು. ಅವು ಬೇರೆ ಬೇರೆ ಆದೇಶ, ಬೇರೆ ಬೇರೆಯಾಗಿಯೇ ಕೇಳಬೇಕು.

ನಡುವಿನವರು ಹಿಂದೆ ಸರಿಯುವುದು

ಇದು ಶಾಶ್ವತ ಏರ್ಪಾಡಲ್ಲ. ನಾನು ಕದ್ರಿಯಲ್ಲಿ ಮೊದಲು ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ಮೂರು ತಿಂಗಳ ನಂತರ ಆಚೆ ಮರದ ಕೆಳಗಿನ ಬೆಂಚು. ಆಮೇಲೆ ಮಗುವನ್ನು ಒಪ್ಪಿಸಿ, ಮಂಜುನಾಥ ದೇವಸ್ಥಾನದ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದೆ. ಒಂದೂವರೆ ಗಂಟೆ ಮೂರು ಗಂಟೆಯಾಯಿತು, ಆಮೇಲೆ ಪಿಲಿಕುಳಕ್ಕೆ ಅಪ್ಪ ಮಗ ಇಬ್ಬರೇ ಹೋದರು. ಪ್ರತಿ ಬದಲಾವಣೆಗೂ ಎರಡು ಮೂರು ಭೇಟಿ ಕಾದು ನೋಡಿ. ಮಗು ಚೆನ್ನಾಗಿ ನಿದ್ದೆ ಮಾಡುತ್ತಿದೆಯಾ, ತಿನ್ನುತ್ತಿದೆಯಾ ಅಂತ ವಿಚಾರಿಸಿ, ಆಮೇಲೆ ಮುಂದಿನ ಹೆಜ್ಜೆ. ಕೋರ್ಟ್ ಆದೇಶದಲ್ಲಿ "ಇಂಥವರ ಎದುರು" ಅಂತ ಇದ್ದರೆ ಅದನ್ನು ಕೋರ್ಟಿನಿಂದಲೇ ಬದಲಾಯಿಸಿಕೊಳ್ಳಬೇಕು, ಬಾಯಿ ಮಾತಿಗೆ ಬಿಡಬೇಡಿ.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಆ ಹುಡುಗನ ಭೇಟಿಯದು ಒಂದೇ ಸಾಲು: "8.45ಕ್ಕೆ ಬಂದ, 9ಕ್ಕೆ ಅಪ್ಪ ಬಂದರು, ನಾನು ಹೊರಟೆ." ಇಬ್ಬರಿಗೂ ಪುಸ್ತಕದ ಒಂದೊಂದು ಜೆರಾಕ್ಸ್ ಕೊಟ್ಟೆ. ನೀವೂ ಕೊಡಿ. ಕೇಸ್ ಪೂರ್ತಿ ಮುಗಿಯುವ ತನಕ ಮೂಲ ಪುಸ್ತಕ ಮಾತ್ರ ನಿಮ್ಮ ಹತ್ತಿರವೇ ಇರಲಿ.